ಪೆಟ್ಟಿಗೆ ಬಲ್ಲವನು ಹಟ್ಟಿ ಕಟ್ಟಿದ್ದು

ನನಗೆ ಪೆಟ್ಟಿಗೆ ಮಾಡಲು ಬರುತ್ತದೆ. ಈ ಮಾತನ್ನು ವಿನಯದಿಂದ ಹೇಳಬೇಕೆಂದು ಎರಡು ಸಲ ಬರೆದು ಹೊಡೆದುಹಾಕಿದೆ, ವಿನಯ ಕೂಡಿಬರಲಿಲ್ಲ. ಬೀದರ ಶಹರದಲ್ಲಿ ಬಿದರಿ ಕೆಲಸದವರಿದ್ದಾರೆ, ಅವರ ಹೂಜಿ, ಹುಕ್ಕಾ ನೋಡಲು ದೂರದೂರದಿಂದ ಜನ ಬರುತ್ತಾರೆ. ನನ್ನ ಪೆಟ್ಟಿಗೆ ನೋಡಲು ಯಾರೂ ಬಂದಿಲ್ಲ. ಆದರೆ ಸತ್ತ ಹುಳವೊಂದನ್ನು ಮೊಮ್ಮಕ್ಕಳ ಕಾಲದವರೆಗೆ ಕೆಡದಂತೆ ಇಡುವ ಪೆಟ್ಟಿಗೆ ಬೇಕೆಂದರೆ, ಈ ಜಿಲ್ಲೆಯಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬನ ಹೆಸರು ನನಗಂತೂ ಗೊತ್ತಿಲ್ಲ. ನಾಲ್ಕು ಬೆರಳು ಆಳ, ತಳಕ್ಕೆ ಬೆಂಡು, ಮೇಲೆ ಗಾಜಿನ ಮುಚ್ಚಳ, ಮೂಲೆಯಲ್ಲೊಂದು ಡಾಂಬರ ಗುಳಿಗೆ. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತೇವಲ್ಲ, ಅದೇ ಬಿಳಿ ಗುಳಿಗೆ. ಅದಿಲ್ಲದಿದ್ದರೆ ಸತ್ತ ಹುಳವನ್ನು ಬದುಕಿದ ಹುಳ ಬಂದು ತಿಂದು ಪುಡಿ ಮಾಡುತ್ತದೆ. ಈ ಗುಳಿಗೆಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ನನ್ನ ಮಾನ ತೆಗೆಯುವುದು ಅದೇ.

ನಾನು ಇಲ್ಲಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದೆ. ಹುಳ ಹಿಡಿಯುವುದು, ಔಷಧದ ಸೀಸೆಯಲ್ಲಿ ಅದನ್ನು ಮಲಗಿಸುವುದು, ರೆಕ್ಕೆ ಬಿಡಿಸುವುದು, ಸೂಜಿ ಚುಚ್ಚುವುದು. ಚುಚ್ಚುವುದಕ್ಕೂ ಶಾಸ್ತ್ರವಿದೆ: ಜೀರುಂಡೆಗೆ ಬಲರೆಕ್ಕೆಯ ಮೇಲೆ, ಚಿಟ್ಟೆಗೆ ಎದೆಯ ನಟ್ಟನಡುವೆ. ಎಲ್ಲ ಮುಗಿದ ಮೇಲೆ ಉಗುರಿನಷ್ಟು ಒಂದು ಚೀಟಿ. ಯಾವ ಊರು, ಯಾವ ತಾರೀಖು, ಹಿಡಿದವರು ಯಾರು. ಊರು ಮತ್ತು ತಾರೀಖು ನನ್ನ ಕೈಬರಹ. ಹಿಡಿದವರ ಜಾಗದಲ್ಲಿ ಮಾತ್ರ ಆಯಾ ಕಾಲದ ಪ್ರೊಫೆಸರರ ಹೆಸರು. ಮನ್ನಳ್ಳಿಯ ಕಬ್ಬಿನ ಹೊಲದಲ್ಲಿ ಮೊಣಕಾಲು ಕೆಸರಿನಲ್ಲಿ ನಿಂತು ಹಿಡಿದವನು ನಾನು. ಚೀಟಿಯ ಪ್ರಕಾರ ಹಿಡಿದವರು, ಅಂದು ಹೆಂಡತಿಯ ತಂಗಿಯ ಮದುವೆಗೆ ಹೈದರಾಬಾದಿಗೆ ಹೋಗಿದ್ದ ಸಾಹೇಬರು. ಇದನ್ನು ದೂರೆಂದು ತಿಳಿಯಬೇಡಿ ಎನ್ನಬೇಕೆಂದಿದ್ದೆ. ಬೇಡ, ದೂರೇ ಅನ್ನಿ.

ನನ್ನನ್ನು ಸಾಲಿಗೆ ಹಾಕಿದವಳು ನನ್ನ ಅಕ್ಕ ಮಲ್ಲಮ್ಮ. ನಮ್ಮದು ಔರಾದ ತಾಲೂಕಿನ ಕುರಿ ಸಾಕುವ ಮನೆತನ. ಅವ್ವ ಬೇಗ ಹೋದಳು. ಇಬ್ಬರೂ ಕುರಿ ಹಿಂದೆ ಹೋಗಬೇಕಾಗಿದ್ದ ವಯಸ್ಸಿನಲ್ಲಿ ಅಕ್ಕ ಅಪ್ಪನ ಮುಂದೆ ನಿಂತು, ಕುರಿ ನಾನೊಬ್ಬಳೇ ನೋಡಿಕೊಳ್ಳುತ್ತೇನೆ, ಬೀರಪ್ಪ ಸಾಲಿಗೆ ಹೋಗಲಿ ಎಂದಳಂತೆ. ಮದುವೆಯಾಗಿ ಅದೇ ತಾಲೂಕಿನ ಠಾಣಾ ಕುಶನೂರಿಗೆ ಹೋದ ಮೇಲೂ ನನ್ನ ಪಾಟಿ, ಪುಸ್ತಕ, ಅಂಗಿಯ ಗುಂಡಿ, ತಲೆಯ ಎಣ್ಣೆ ಎಲ್ಲ ಅವಳದೇ ಉಸಾಬರಿ. ನನಗೆ ಕಾಲೇಜಿನಲ್ಲಿ ನೌಕರಿ ಸಿಕ್ಕಾಗ ಓಣಿ ತುಂಬ ಪೇಢೆ ಹಂಚಿದಳು. ಅವಳ ಲೆಕ್ಕ ಸರಳ. ಕಾಲೇಜು ಅಂದರೆ ಕಲಿಸುವ ಜಾಗ, ಅಲ್ಲಿರುವವನು ಮಾಸ್ತರ.

ಒಂದು ವರ್ಷದ ನಂತರ ತಮ್ಮ ಕಲಿಸುವುದನ್ನು ನೋಡಬೇಕೆಂದು ಬುತ್ತಿ ಕಟ್ಟಿಕೊಂಡು ಬಂದಳು. ನಾನು ಎದೆಯುಬ್ಬಿಸಿ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ತೋರಿಸಿದೆ. ಮೊದಲನೆಯದು ಚಿಟ್ಟೆ, ಎರಡನೆಯದು ಜೀರುಂಡೆ, ಅಲ್ಲಿಯವರೆಗೆ ಸುಮ್ಮನಿದ್ದಳು. ಮೂರನೆಯದರಲ್ಲಿ ಆ ಹುಳವಿತ್ತು. ನೀವೂ ನೋಡಿರುತ್ತೀರಿ: ಹಸಿರು ಬಣ್ಣ, ಬೆರಳುದ್ದ ಮೈ, ಮೂರು ಮೂಲೆಯ ಮುಖ, ಮುಂಗಾಲೆರಡನ್ನು ಮಡಚಿ ಕೈಮುಗಿದು ನಿಲ್ಲುತ್ತದೆ. ಪುಸ್ತಕದ ಕನ್ನಡದಲ್ಲಿ ಸೂರ್ಯನ ಕುದುರೆ. ಗ್ರೀಕರು ಅದಕ್ಕೆ ಕಣಿ ಹೇಳುವವನೆಂದು ಹೆಸರಿಟ್ಟಿದ್ದರಂತೆ. ನಮ್ಮ ಗಡಿಯಾಚೆಯ ಮರಾಠಿಯವರು ಖಂಡೋಬಾನ ಕುದುರೆ ಎನ್ನುತ್ತಾರೆ. ಖಂಡೋಬಾ ಅಂದರೆ ಈಚೆ ಕಡೆ ಮೈಲಾರ ಮಲ್ಲಣ್ಣ, ಕುರಿಯವರ ಮನೆದೇವರು. ಹೀಗಾಗಿ ನಮ್ಮ ಮನೆಯಲ್ಲಿ ಅದು ಮಲ್ಲಣ್ಣನ ಕುದುರೆ. ತೊಗರಿ ಹೊಲದಲ್ಲಿ ಕಂಡರೆ ಅಕ್ಕ ಕೈಮುಗಿದು ದಾರಿ ಬಿಡುತ್ತಿದ್ದಳು. ಅಂಥ ದೇವರ ಸವಾರಿಯ ಎದೆಗೆ ನಾನು ಸೂಜಿ ಚುಚ್ಚಿ, ರೆಕ್ಕೆ ಹರಡಿ, ಚೀಟಿ ಅಂಟಿಸಿ ಇಟ್ಟಿದ್ದೆ. ಅಕ್ಕ ಎರಡೂ ಗಲ್ಲ ಬಡಿದುಕೊಂಡು, ಮೂಗಿಗೆ ಸೆರಗು ಹಿಡಿದು ಹೊರಗೆ ನಡೆದಳು. ತಂದ ಬುತ್ತಿಯನ್ನು ಬಿಚ್ಚಲಿಲ್ಲ. "ಇದರ ಸಲುವಾಗಿ ನಿನಗ ಸಾಲಿಗಿ ಕಳಿಸಿದ್ನೇನೋ ತಮ್ಮಾ?" ಎಂದಷ್ಟೇ ಕೇಳಿದಳು. ಬಸ್ಸು ಬರುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ, ಆಮೇಲಿನ ಮೂವತ್ತು ವರ್ಷವೂ ಹೊಳೆಯಲಿಲ್ಲ.

ಊರಿಗೆ ಹೋಗಿ ಅಕ್ಕ ಪೆಟ್ಟಿಗೆಯ ಸುದ್ದಿಯನ್ನೇ ತೆಗೆಯಲಿಲ್ಲ. ನಮ್ಮ ಬೀರಪ್ಪ ಕಾಲೇಜಿನಲ್ಲಿ ದೊಡ್ಡ ಮಾಸ್ತರ ಎಂದು ಹೇಳಿಬಿಟ್ಟಳು. ಅಂದಿನಿಂದ ಕುಶನೂರಿನಲ್ಲಿ ಬಸ್ಸಿಳಿದರೆ ನಾನು ಮಾಸ್ತರ. ಬಸ್ಸು ನಿಲ್ಲುವಲ್ಲಿ ವಿಠಲ ಕಾಕಾ ಎಂಬುವರ ಚಹಾದಂಗಡಿಯಿದೆ, ಅದರ ಮುಂದೊಂದು ಬೆಂಚು. ಬರ್ರಿ ಮಾಸ್ತರ್, ಕೂಡ್ರಿ ಎಂದು ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಬೆಂಚು ಒರೆಸುತ್ತಾರೆ. ತಹಸೀಲಿಗೆ ಕೊಡುವ ಅರ್ಜಿಗಳೆಲ್ಲ ನನ್ನ ಬರವಿಗಾಗಿ ಕಾಯುತ್ತಿರುತ್ತವೆ. ಅರ್ಜಿ ಚೆನ್ನಾಗಿಯೇ ಬರೆಯುತ್ತೇನೆನ್ನಿ, ಉಗುರಿನಷ್ಟು ಚೀಟಿಯ ಮೇಲೆ ಪಳಗಿದ ಅಕ್ಷರ. ಆದರೆ ಒಮ್ಮೆ ಯಾರೋ ಬೀಜಗಣಿತದ ಲೆಕ್ಕವೊಂದನ್ನು ಮುಂದೆ ಹಿಡಿದರು. ನನ್ನ ಬಸ್ಸು ಬಂತೆಂದು ಎದ್ದು ಓಡಿ ಹತ್ತಿದೆ. ಅದು ಬೀದರದ ಬಸ್ಸಲ್ಲ, ಉದಗೀರದ್ದು ಎಂದು ಕಂಡಕ್ಟರ್ ಬಂದ ಮೇಲೆ ತಿಳಿಯಿತು. ಆ ಬೆಂಚಿನ ತುದಿಯಲ್ಲೇ, ಎದ್ದೋಡಲು ಅನುಕೂಲವಾಗುವ ಹಾಗೆ, ಇಷ್ಟು ವರ್ಷ ಕೂತು ಬಂದಿದ್ದೇನೆ.

ಇಷ್ಟನ್ನು ಹೇಳಿದ್ದು ಯಾಕೆಂದರೆ, ನಿವೃತ್ತಿಯಾದ ವರ್ಷವೇ ನಾನು ಯಾಕೆ ಮಲ್ಲಣ್ಣನ ಕುದುರೆ ಸಾಕಲು ಹೊರಟೆ ಎಂದು ಬೀದರದೊಳಗಿನ ಮೈಲೂರಿನ ನಮ್ಮ ಓಣಿಯವರೆಲ್ಲ ಕೇಳಿದ್ದಾರೆ. ಅವರಿಗೆ ಟೈಂಪಾಸಿಗೆ ಎಂದಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ಜೀವಂತ ಕುದುರೆಯೊಂದನ್ನು, ನನ್ನ ಕೈಯಲ್ಲಿ ಬೆಳೆದದ್ದನ್ನು, ಅಕ್ಕನ ಮುಂದೆ ಹಿಡಿಯಬೇಕಿತ್ತು. ಆಕೆ ಕೇಳಿದ್ದ ಪ್ರಶ್ನೆಗೆ ಅದೊಂದೇ ಉತ್ತರ ನನಗೆ ತೋಚಿದ್ದು.

ಮೂರು ಮರಿಗಳು ಸಿಕ್ಕವು. ಹಳೆಯ ಚೀಟಿಯ ಚಾಳಿ ಬಿಡದೆ ಒಂದೊಂದಕ್ಕೂ ಸಿಕ್ಕ ಊರಿನ ಹೆಸರನ್ನೇ ಇಟ್ಟೆ. ನಮ್ಮ ಅಂಗಳದ ಕರಿಬೇವಿನ ಗಿಡದ ಮೇಲೆ ಸಿಕ್ಕದ್ದು ಬೀದರ. ನನ್ನ ಹೆಂಡತಿ ಸುಶೀಲಾಳ ತವರು ಭಾಲ್ಕಿ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ದಿಟ್ಟಿಸಿ, ಕಾಕಾ, ನಿಮ್ಮ ಹೆಗಲ ಮ್ಯಾಲ ಯಾರೋ ಕುಂತಾರ್ರಿ ಎಂದ. ಅದು ಭಾಲ್ಕಿ. ಮೂರನೆಯದು ಅಕ್ಕನ ಹೊಲದ ತೊಗರಿ ಗಿಡದಲ್ಲಿ ಸಿಕ್ಕದ್ದು, ಅವಳಿಗೆ ಗೊತ್ತಾಗದಂತೆ ಬುತ್ತಿಯ ಡಬ್ಬಿಯಲ್ಲಿ ತಂದದ್ದು. ತಾಲೂಕಿನ ಹೆಸರಿನಿಂದ ಅದು ಔರಾದ. ಮೂರರಲ್ಲೂ ದಪ್ಪನೆಯದು, ಸಿಟ್ಟಿನದು, ತಲೆ ತಿರುಗಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದದ್ದು ಅದೇ. ಬೇರೆ ಹುಳಗಳು ನಮ್ಮನ್ನು ಕಾಣುತ್ತವೆ, ಇದು ನೋಡುತ್ತದೆ. ಆ ನೋಟದ ಮುಂದೆ ನಾನು ಎಷ್ಟೋ ಸಲ ಅಂಗಿಯ ಗುಂಡಿ ಸರಿಮಾಡಿಕೊಂಡಿದ್ದೇನೆ.

ಕುದುರೆ ಎಂಬ ಮಾತು ಕೇಳಿ ಸುಶೀಲಾ, ಕಡಲಿ ನೆನಿ ಹಾಕ್ಲೇನ್ರಿ ಎಂದು ಚೇಷ್ಟೆ ಮಾಡಿದಳು. ಈ ಕುದುರೆ ಕಡಲೆ ಮುಟ್ಟುವುದಿಲ್ಲ. ನೊಣ, ಪತಂಗ, ಜಿರಲೆಯ ಮರಿ, ಅದೂ ಮಿಸುಕಾಡುತ್ತಿರಬೇಕು. ಕೈಮುಗಿದ ಭಂಗಿ ಭಕ್ತಿಯದಲ್ಲ, ಹೊಂಚಿನದು. ಪಕ್ಕದ ಮನೆಯ ಖಾಲಾ ಅದನ್ನು ನೋಡಿ ಪಾಪ, ದೇವರಿಗೆ ದುವಾ ಮಾಡುತ್ತಿದೆ ಎಂದು ಮರುಗುತ್ತಿದ್ದಾಗಲೇ ಅದು ಅವರ ಕಣ್ಣೆದುರು ಒಂದು ನೊಣದ ತಲೆ ಕಚ್ಚಿತು. ಖಾಲಾ ಆಮೇಲೆ ಬಹಳ ದಿನ ನಮ್ಮ ಕಡೆ ಬರಲಿಲ್ಲ.

ನಾನು ಮಾಡಿದ ಮೊದಲ ಮನೆ ಒಂದು ಅಗಲವಾದ ಪೆಟ್ಟಿಗೆ. ಮೂರನ್ನೂ ಒಟ್ಟಿಗೆ ಬಿಟ್ಟೆ, ಒಂದೇ ಜಿಲ್ಲೆಯವು, ಹೊಂದಿಕೊಂಡು ಹೋಗುತ್ತವೆ ಎಂದುಕೊಂಡು. ಮರುದಿನ ಮುಂಜಾನೆ ಔರಾದ ತಾಲೂಕು ಭಾಲ್ಕಿಯನ್ನು ತಿಂದು ಮುಗಿಸಿ ಕೈ ತೊಳೆಯುತ್ತಿತ್ತು. ಈ ಹುಳಗಳು ಒಂದನ್ನೊಂದು ತಿನ್ನುತ್ತವೆ ಎಂಬುದು ನಾನು ವರ್ಷವರ್ಷ ಹುಡುಗರ ಮುಂದೆ ಗೋಡೆಗೆ ತೂಗುಹಾಕುತ್ತಿದ್ದ ಚಿತ್ರಪಟದಲ್ಲೇ ಇತ್ತು. ತೂಗುಹಾಕುವುದು ನನ್ನ ಕೆಲಸವಾಗಿತ್ತು, ಓದುವುದಲ್ಲ. ಸುಶೀಲಾ ಮಾತ್ರ ತಿನ್ನಾಕ ನಮ್ಮ ಊರಿಂದೇ ಸಿಕ್ತೇನ್ರಿ ಎಂದು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಬೀದರವನ್ನು ಅವಸರಕ್ಕೆಂದು ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಗೆ ಹಾಕಿ, ಬಾಯಿಗೆ ಹಳೆಯ ಸೀರೆಯ ತುಂಡು ಬಿಗಿದೆ. ಅದು ಆ ಬಟ್ಟೆಗೆ ತಲೆಕೆಳಗಾಗಿ ಜೋತುಬಿದ್ದು ಸುಖವಾಗಿತ್ತು. ನನ್ನ ಗಮನವೆಲ್ಲ ಔರಾದದ ಮೇಲೆ. ಯಾಕೆಂದರೆ ಅಷ್ಟರಲ್ಲಿ ಅಕ್ಕ ಬರುವುದು ನಿಶ್ಚಯವಾಗಿತ್ತು. ಅವಳ ಕಣ್ಣಿಗೆ ಪೊರೆ ಬಂದಿತ್ತು. ನಮ್ಮ ಕಡೆ ಮೋತಿಬಿಂದು ಎನ್ನುತ್ತೇವೆ. ಬೀದರದಲ್ಲಿ ಆಪರೇಷನ್, ಆಮೇಲೆ ಹದಿನೈದು ದಿನ ನಮ್ಮ ಮನೆಯಲ್ಲಿ ವಿಶ್ರಾಂತಿ. ಪಟ್ಟಿ ಬಿಚ್ಚಿ ಹೊಸ ಕಣ್ಣಿನಿಂದ ನೋಡುವಾಗ ಮೊದಲು ಅವಳ ಹೊಲದ ಕುದುರೆಯನ್ನೇ ಮುಂದೆ ಹಿಡಿಯಬೇಕೆಂದು ನನ್ನ ಹಂಚಿಕೆ. ಅದಕ್ಕಾಗಿ ನನ್ನ ಜನ್ಮದಲ್ಲೇ ಮಾಡಿರದಂಥ ಪೆಟ್ಟಿಗೆ ಮಾಡಿದೆ. ಸಾಗವಾನಿ ಹಲಗೆ, ಹಿತ್ತಾಳೆಯ ಕೀಲು, ಫಳಫಳ ಗಾಜಿನ ಮುಚ್ಚಳ, ಬದಿಗೆ ಗಾಳಿಗೆಂದು ಸಾಲಾಗಿ ತೂತು. ಔರಾದವನ್ನು ಒಳಗೆ ಬಿಟ್ಟು, ಮುಚ್ಚಳ ಹಾಕಿ, ದೂರ ನಿಂತು ನೋಡಿದೆ. ನನ್ನ ಕಣ್ಣು ತುಂಬಿ ಬಂತು, ಪೆಟ್ಟಿಗೆ ಅಷ್ಟು ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಅಕ್ಕನನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲಿನಿಂದಲೂ ಮಸಕು. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ ಚಹಾ ಕೊಟ್ಟೆವು. ಬಟ್ಟಲು ತುಟಿಯ ಹತ್ತಿರ ಒಯ್ದವಳು ನಿಲ್ಲಿಸಿದಳು. ಮೂಗು ಎರಡು ಸಲ ಅರಳಿತು.

"ಬೀರಪ್ಪಾ, ನಿನ್ನ ಕಾಲೇಜಿನ ವಾಸನಿ ಬರ್ಲತ್ತದ" ಎಂದಳು.

ಅಕ್ಕ ಕಾಲೇಜಿಗೆ ಬಂದದ್ದು ಒಂದೇ ಸಲ. ಮೂವತ್ತು ವರ್ಷ ಆ ವಾಸನೆಯನ್ನು ಮೂಗಿನಲ್ಲಿ ಇಟ್ಟುಕೊಂಡಿದ್ದಳು. ನನಗೆ ಯಾವ ವಾಸನೆಯೂ ಬರಲಿಲ್ಲ, ಅದರೊಳಗೇ ಬದುಕಿದವನಿಗೆ ಬರುವುದು ಹೇಗೆ? ಪೆಟ್ಟಿಗೆಯ ಹತ್ತಿರ ಹೋಗಿ ನೋಡಿದರೆ, ಬಲಗಡೆಯ ಮೂಲೆಯಲ್ಲಿ, ಸೂಜಿಯಿಂದ ನೀಟಾಗಿ ಸಿಕ್ಕಿಸಿದ ಡಾಂಬರ ಗುಳಿಗೆ. ನಾನೇ ಇಟ್ಟದ್ದು. ಯಾವಾಗ ಇಟ್ಟೆನೆಂದು ದೇವರಾಣೆ ನೆನಪಿಲ್ಲ. ಮೂವತ್ತೊಂದು ವರ್ಷ ಪೆಟ್ಟಿಗೆ ಮುಗಿಸಿದ ಮೇಲೆ ಆ ಕೈ ಮಾಡುತ್ತಿದ್ದ ಕೊನೆಯ ಕೆಲಸವದು, ಈ ಸಲವೂ ನನ್ನನ್ನು ಕೇಳದೆ ಮಾಡಿತ್ತು. ಗಾಜಿನಡಿಯಲ್ಲಿ ಔರಾದ ಅಂಗಾತ ಬಿದ್ದು ಒಂದು ಕಾಲನ್ನು ನಿಧಾನವಾಗಿ ಆಡಿಸುತ್ತಿತ್ತು.

ಸತ್ತ ಹುಳಕ್ಕೆ ಏನು ಮಾಡಬೇಕು ಎಂಬುದಷ್ಟೇ ನನಗೆ ಗೊತ್ತಿದ್ದದ್ದು, ಸಾಯುವ ಹುಳದ ವಿಷಯ ನನ್ನ ಇಲಾಖೆಯದಲ್ಲ. ಅಕ್ಕ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಎದ್ದು ಕೈ ಚಾಚಿದಳು. ಏನದು ಎಂದು ಕೇಳಿದಳು. ಮಲ್ಲಣ್ಣನ ಕುದರಿ, ನಿನ್ನ ಹೊಲದ್ದು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಅಂಗೈ ಮೇಲೆ ಇಡು ಎಂದಳು. ಸುಶೀಲಾಳ ಕೈ ಹಿಡಿದುಕೊಂಡು ಅಂಗಳಕ್ಕೆ ನಡೆದು ಕರಿಬೇವಿನ ಗಿಡದ ನೆರಳಿನಲ್ಲಿ, ಗಾಳಿ ಬರುವ ಕಡೆಗೆ ಅಂಗೈ ಹಿಡಿದು ಕೂತಳು. ಹೊಗೆ ಕುಡಿದ ಕುರಿಮರಿಗೂ ಹೀಗೆಯೇ ಮಾಡುತ್ತಾರಂತೆ. ಬೆರಳ ತುದಿಯಿಂದ ಒಂದು ಹನಿ ನೀರು ಅದರ ಬಾಯಿಯ ಹತ್ತಿರ ಇಟ್ಟಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಕೈಗಳನ್ನು ನಾನೇ ಬೈದುಕೊಳ್ಳುತ್ತಿದ್ದೆ. ಬಿಸಿಲು ಗೋಡೆ ದಾಟುವ ಹೊತ್ತಿಗೆ ಔರಾದ ಎದ್ದು, ಅಕ್ಕನ ಮಣಿಕಟ್ಟಿನ ಹಸಿರು ಬಳೆಗಳ ಮೇಲೆ ಹತ್ತಿ, ತಲೆ ತಿರುಗಿಸಿ ನನ್ನನ್ನು ನೋಡಿತು. ಆ ನೋಟದಲ್ಲಿ ಸ್ನೇಹವಿರಲಿಲ್ಲ.

ಆಮೇಲೆ ಅಕ್ಕ ಹೇಳಿದ್ದು ಇಷ್ಟೇ: "ಪೆಟಗಿ ಸತ್ತದ್ದಕ್ಕ ಮಾಡ್ತಾರ ತಮ್ಮಾ. ಜೀವ ಇದ್ದದ್ದಕ್ಕ ಹಟ್ಟಿ ಕಟ್ಟಬೇಕು."

ಮರುದಿನದಿಂದ ನಾನು ಶಿಷ್ಯ, ಅಕ್ಕ ಮಾಸ್ತರ. ಕುರಿಹಟ್ಟಿ ಕಟ್ಟುವವರು ಮೊದಲು ಕಟ್ಟಿಗೆ ಮುಟ್ಟುವುದಿಲ್ಲವಂತೆ, ಪ್ರಾಣಿಯನ್ನು ನೋಡುತ್ತಾರಂತೆ. ಇದು ಹ್ಯಾಂಗ ಮಲಗತದ ಎಂದು ಕೇಳಿದಳು. ಅದರ ಕಾಲಿನ ಒಂದೊಂದು ಗೆಣ್ಣಿಗೂ ಲ್ಯಾಟಿನ್ನಿನಲ್ಲಿ ಏನು ಹೆಸರೆಂದು ನನಗೆ ಬಾಯಿಪಾಠ. ಮಲಗುವುದು ಹೇಗೆಂದು ಒಂದು ದಿನವೂ ನೋಡಿರಲಿಲ್ಲ, ನಾನು ಮಲಗಿಸಿದ್ದನ್ನು ಬಿಟ್ಟು. ಅಷ್ಟು ಹೊತ್ತಿಗೆ ಸುಶೀಲಾ ಭರಣಿಯ ಕಡೆ ಬೆರಳು ತೋರಿಸಿದಳು. ಬೀದರ ಎಂದಿನಂತೆ ಬಟ್ಟೆಗೆ ತಲೆಕೆಳಗಾಗಿ ಜೋತುಬಿದ್ದಿತ್ತು. ಅಂದರೆ ಇದಕ್ಕೆ ಮಾಳಿಗೆಯೇ ನೆಲ. ನಾನೋ ನೆಲಕ್ಕೆ ಬೆಂಡು ಹಾಸಿ, ಮಾಳಿಗೆಗೆ ಕಾಲು ಜಾರುವ ಗಾಜು ಹಾಕಿದ್ದೆ.

ಅಟ್ಟದ ಮೇಲೆ ನಮ್ಮ ಹಳೆಯ ಜಾಳಗಿ ಕಪಾಟು ಇತ್ತು. ಫ್ರಿಜ್ಜು ಬರುವ ಮೊದಲು ಹಾಲು ಮೊಸರು ಇಡುತ್ತಿದ್ದೆವಲ್ಲ, ಸುತ್ತಲೂ ತಂತಿಯ ಜಾಳಗಿ ಹೊಡೆದದ್ದು. ಹುಳ ಒಳಗೆ ಬಾರದಿರಲೆಂದು ಮಾಡಿದ ಕಪಾಟು ಹುಳ ಹೊರಗೆ ಹೋಗದಿರಲೆಂದು ಕೆಳಗಿಳಿಯಿತು. ನಡುವಿನ ಹಲಗೆ ತೆಗೆದು ಎತ್ತರ ಮಾಡಿದೆವು, ಹುಳದ ಮೂರು ಮೈಯಷ್ಟು ಎತ್ತರ ಸಾಕಾದರೂ ಅಕ್ಕ ನಾಲ್ಕು ಎಂದಳು. ತಗಡಿನ ಮಾಳಿಗೆ ಕಿತ್ತು ಅಲ್ಲಿಗೂ ಜಾಳಗಿ ಬಡಿದು, ಕಾಲಿಗೆ ಚುಚ್ಚದಿರಲೆಂದು ಒಳಮೈಗೆ ಸುಶೀಲಾ ಸೊಳ್ಳೆ ಪರದೆಯ ಬಟ್ಟೆ ಹೊಲಿದಳು. ನಡುವೆ ತೊಗರಿ ಕಟ್ಟಿಗೆ ಓರೆಯಾಗಿ ನಿಲ್ಲಿಸಿದೆವು. ಕೆಳಗೆ ಹಾಸಲು ನಾನು ಅಂಗಳದ ಕೆಂಪು ಮಣ್ಣು ತಂದರೆ ಅಕ್ಕ ಅದನ್ನು ಮಣ್ಣೆಂದೇ ಒಪ್ಪಲಿಲ್ಲ. ಎರೆಮಣ್ಣಾದರೆ ತೇವ ಹಿಡಿದಿಡುತ್ತದೆ, ಇದು ಬರೀ ಕಲ್ಲಿನ ಪುಡಿ ಎಂದಳು. ಔರಾದಿನಿಂದ ಬರುವವರ ಕೈಯಲ್ಲಿ ಒಂದು ಚೀಲ ಕರಿಮಣ್ಣು ತರಿಸಿದ್ದೂ ಆಯಿತು. ದಿನಕ್ಕೆರಡು ಸಲ ಜಾಳಗಿಗೆ ನೀರು ಸಿಂಪಡಿಸಬೇಕು, ಬಟ್ಟಲಲ್ಲಿಟ್ಟರೆ ಇವು ಕುಡಿಯುವುದಿಲ್ಲ, ಹನಿ ನೆಕ್ಕುತ್ತವೆ. ಬೀದರಕ್ಕೂ ಔರಾದಕ್ಕೂ ನಡುವೆ ದಪ್ಪ ರಟ್ಟಿನ ಗೋಡೆ ಬಂತು, ಒಂದರ ಮುಖ ಒಂದಕ್ಕೆ ಕಾಣಬಾರದು. ಹಾಯುವ ಟಗರುಗಳನ್ನು ಒಂದೇ ಕಡೆ ಯಾರಾದ್ರೂ ಕಟ್ತಾರೇನೋ ಎಂದು ಅಕ್ಕ ಭಾಲ್ಕಿಯ ವಿಷಯದಲ್ಲಿ ನನ್ನನ್ನು ಮತ್ತೊಮ್ಮೆ ವಿಚಾರಿಸಿಕೊಂಡಳು.

ಒಂದೇ ಒಂದು ಕಡೆ ನಾನು ವಾದ ಹೂಡಿದೆ. ಬಾಗಿಲು ಮೇಲಿರಲಿ, ಮೇಲಿನಿಂದ ನೋಡಲು ಚೆಂದ ಎಂದೆ. ಮಲಗಿದ ಕುರಿಯ ಮೈಮೇಲೆ ಬಾಗಿಲು ಇಡುತ್ತಾರೇನು ಎಂದಳು ಅಕ್ಕ. ಹೌದಲ್ಲ, ಅದು ಮಲಗುವುದೇ ಮಾಳಿಗೆಗೆ. ತೆಗೆದ ಸಲವೆಲ್ಲ ಅದರ ಕಾಲು ಕಿತ್ತು ಬರುತ್ತದೆ. ಬಾಗಿಲು ಬದಿಗೆ ಬಂತು. ಪೆಟ್ಟಿಗೆಗೆ ಮುಚ್ಚಳವಿರುತ್ತದೆ, ಹಟ್ಟಿಗೆ ಬಾಗಿಲಿರುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯಲು ನನಗೆ ಪೆನ್ಷನ್ ಬರಬೇಕಾಯಿತು.

ಪಟ್ಟಿ ಬಿಚ್ಚಿ, ಕರಿ ಚಷ್ಮಾ ಹಾಕಿಕೊಂಡು ಅಕ್ಕ ಹಟ್ಟಿಯ ಮುಂದೆ ಠಿಕಾಣಿ ಹೂಡಿದಳು. ಐದಾರು ದಿನ ಎಲ್ಲ ನೆಟ್ಟಗಿತ್ತು. ಆಮೇಲೆ ಔರಾದ ತಿನ್ನುವುದು ಬಿಟ್ಟಿತು. ನೊಣ ಮೂಗಿನ ಮೇಲೆ ಕೂತರೂ ಹಿಡಿಯದು. ಬೆನ್ನ ಮೇಲಿನ ರೆಕ್ಕೆಯ ಮೊಗ್ಗುಗಳು ಉಬ್ಬಿದ್ದವು. ಕೊನೆಯ ಪೊರೆ ಬಿಡುವ ಹೊತ್ತು ಅದು. ಅದಾದರೆ ರೆಕ್ಕೆ. ಜೋತುಬಿದ್ದ ಹಿಡಿತ ತಪ್ಪಿ ನಡುವೆ ಬಿದ್ದರೆ ಮೈ ಸೊಟ್ಟಾಗಿ, ರೆಕ್ಕೆ ಮುರುಟಿ ಸಾಯುತ್ತದೆ. ಗುಳಿಗೆಯ ಹೊಗೆ ಕುಡಿದ ಕಾಲುಗಳಿಗೆ ಆ ಹಿಡಿತ ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಹೇಳಲೂ ಇಲ್ಲ. ಇನ್ನೊಂದು ಸಲ ಅವಳ ಮುಂದೆ ಸತ್ತ ಕುದುರೆ ಹಿಡಿದು ನಿಲ್ಲುವ ಶಕ್ತಿ ನನಗಿರಲಿಲ್ಲ.

ಒಂದು ದಿನ, ಮುಂಜಾನೆಯ ಊಟದ ಹೊತ್ತಿಗೆ, ಶುರುವಾಯಿತು. ಔರಾದ ಮಾಳಿಗೆಯ ಬಟ್ಟೆಯನ್ನು ಹಿಂಗಾಲುಗಳಿಂದ ಗಟ್ಟಿಯಾಗಿ ಹಿಡಿದು ಜೋತುಬಿತ್ತು. ಬೆನ್ನು ಸೀಳಿತು. ಒಳಗಿನಿಂದ ತಿಳಿಹಸಿರಿನ ಒಂದು ಹೊಸ ಮೈ ಇಷ್ಟಿಷ್ಟೇ ಕೆಳಗೆ ಜಾರತೊಡಗಿತು. ಸುಶೀಲಾ ಒಲೆ ಆರಿಸಿ ಬಂದು ನಿಂತಳು. ಅಕ್ಕ ಎದ್ದು ಟ್ರಂಕಿನಿಂದ ತನ್ನ ಭಂಡಾರದ ಚೀಲ ತಂದಳು, ಮಲ್ಲಣ್ಣನ ಅರಿಷಿಣ ಪುಡಿ. ದೇವರ ಕುದುರೆ ಹೊಸದಾಗುತ್ತಿರುವಾಗ ಭಂಡಾರ ಹಾರಿಸದೆ ಇರುವುದುಂಟೆ? ಮುಷ್ಟಿ ತುಂಬಿ ಬಾಗಿಲಿಗೆ ಕೈ ಹಾಕಿದಳು.

"ಅಕ್ಕಾ, ಮುಟ್ಟಬ್ಯಾಡ. ಈಗ ಯಾರೂ ಮುಟ್ಟಬಾರದು" ಎಂದೆ.

ಹುಟ್ಟಿದಂದಿನಿಂದ ಅಕ್ಕನಿಗೆ ನಾನು ಬೇಡ ಎಂದು ಹೇಳಿದ್ದು ಅದೇ ಮೊದಲು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಕ್ಕ ನನ್ನನ್ನು ನೋಡಿದಳು, ಹಟ್ಟಿಯನ್ನು ನೋಡಿದಳು, ಮುಷ್ಟಿ ಬಿಚ್ಚದೆ ಹಾಗೇ ಕುರ್ಚಿಯ ಮೇಲೆ ಕೂತಳು. ಮೂವರೂ ನೋಡುತ್ತ ಉಳಿದೆವು. ಪೊರೆ ಎಂಬುದು ವಿಚಿತ್ರ ಮಾತು. ಹಾವು ಬಿಡುವುದೂ ಪೊರೆ, ಅಕ್ಕನ ಕಣ್ಣಿನಿಂದ ತೆಗೆದದ್ದೂ ಪೊರೆ. ಸಾಕಿ ಸಲಹುವುದಕ್ಕೂ ಹಳೆಯ ಕನ್ನಡದಲ್ಲಿ ಪೊರೆಯುವುದು ಎಂದೇ ಹೇಳುತ್ತಾರೆ. ಆ ಹೊತ್ತಿನಲ್ಲಿ ನನಗೆ ಈ ಪಾಂಡಿತ್ಯ ಬೇಕಿರಲಿಲ್ಲ, ಆದರೂ ಹೆದರಿದಾಗ ನನ್ನ ತಲೆ ಹೀಗೆ ಏನೇನೋ ಹುಡುಕುತ್ತದೆ. ಕೊನೆಗೆ ಔರಾದ ಬಾಲದ ತುದಿಯೊಂದರಲ್ಲೇ ತೂಗುತ್ತ, ಒಮ್ಮೆ ಮೈ ಝಾಡಿಸಿ, ಮೇಲಕ್ಕೆ ಬಾಗಿ, ಹೊಸ ಕಾಲುಗಳಿಂದ ಬಟ್ಟೆಯನ್ನು ಹಿಡಿಯಿತು. ಬೀಳಲಿಲ್ಲ. ಮುದುಡಿದ ರೆಕ್ಕೆ ಒಣಹಾಕಿದ ಸೀರೆಯ ಹಾಗೆ ಇಳಿಬಿದ್ದು ಉದ್ದವಾಗುತ್ತ ಹೋಯಿತು. ನಾನು ಕಟ್ಟಿದ್ದ ಹಟ್ಟಿಯಲ್ಲಿ ಅದಕ್ಕೆ ಬೇಕಾದ ಎತ್ತರವಿತ್ತು, ಅದರ ಮೇಲೆ ಇನ್ನೊಂದು ಮೈಯಷ್ಟು, ನಾಲ್ಕು ಬೆರಳು, ಹೆಚ್ಚೇ ಇತ್ತು. ಆ ನಾಲ್ಕು ಬೆರಳು ಅಕ್ಕನವು.

ಭಂಡಾರ ಇನ್ನೂ ಅವಳ ಮುಷ್ಟಿಯಲ್ಲಿತ್ತು. ಕುದುರೆಗೆ ಹಚ್ಚುವಂತಿಲ್ಲ, ಕೈಯೊಳಗೆ ತೆಗೆದದ್ದನ್ನು ಚೀಲಕ್ಕೆ ಮರಳಿ ಹಾಕುವಂತಿಲ್ಲ. ಅಕ್ಕ ನನ್ನ ಕಡೆ ತಿರುಗಿ ಹಣೆಯ ತುಂಬ ಬಳಿದಳು. ಉಳಿದದ್ದನ್ನು ನನ್ನ ಎರಡೂ ಕೈಗಳ ಮೇಲೆ ಸುರಿದು ಚೆನ್ನಾಗಿ ತಿಕ್ಕಿದಳು. ಡಾಂಬರ ವಾಸನಿ ಹೋಗ್ಲಿ ಎಂದಳು. ನಾನು ಅತ್ತೆ. ಅತ್ತದ್ದನ್ನು ಬರೆಯಬಾರದೆಂದಿದ್ದೆ, ಆದರೆ ಸುಶೀಲಾ ಎಲ್ಲರಿಗೂ ಹೇಳಿಯಾಗಿದೆ.

ಹದಿನೈದು ದಿನ ಮುಗಿದು ಅಕ್ಕ ಊರಿಗೆ ಹೊರಟಾಗ ಔರಾದವನ್ನೂ ಕಳಿಸಬೇಕೆಂದಳು. ನಾನು ಮುಖ ಸಣ್ಣಗೆ ಮಾಡಿದೆ. ಹಟ್ಟಿ ಇರುವುದು ಹೊತ್ತು ಮುಳುಗಿದ ಮೇಲೆ, ಬೆಳಗಾದರೆ ಬಾಗಿಲು ತೆಗೆದು ಹೊಲಕ್ಕೆ ಬಿಡಬೇಕು, ಇಷ್ಟೂ ತಿಳಿಯದೆ ಕುರಿ ಮನೆತನದಲ್ಲಿ ಹುಟ್ಟಿದೆಯಾ ಎಂದಳು. ತೊಡೆಯ ಮೇಲೆ ಜಾಳಗಿ ಡಬ್ಬಿ ಇಟ್ಟುಕೊಂಡು ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಹೋದೆವು. ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ನಾನು ಡಬ್ಬಿಯನ್ನು ಟವೆಲ್ಲಿನಿಂದ ಮುಚ್ಚಿದೆ, ಆ ಊರಿಗೆ ಅದು ಮಾಡಿದ ಅಪರಾಧ ಸಣ್ಣದಲ್ಲ.

ಕುಶನೂರಿನಲ್ಲಿ ಇಳಿದಾಗ ವಿಠಲ ಕಾಕಾ ಎಂದಿನಂತೆ ಬೆಂಚು ಒರೆಸಿ, ಬರ್ರಿ ಮಾಸ್ತರ್, ಕೂಡ್ರಿ ಎಂದರು. ನಾನು ಎಂದಿನಂತೆ ತುದಿಗೆ ಕೂತೆ. ಚಹಾ ಕುಡಿಯುತ್ತಿದ್ದವರು ನಾಲ್ಕೈದು ಜನ. ಅಕ್ಕ ಕೂಡಲಿಲ್ಲ. ಡಬ್ಬಿಯ ಮೇಲಿನ ಟವೆಲ್ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇಂವ ಮಾಸ್ತರ ಅಲ್ರಿ ಕಾಕಾ. ನಾನೇ ಸುಳ್ಳ ಹೇಳಿದ್ದೆ. ಕಾಲೇಜಿನ್ಯಾಗ ಹುಳದ ಪೆಟಗಿ ಮಾಡ್ತಿದ್ದ. ಈಗ ನೋಡ್ರಿ, ಮಲ್ಲಣ್ಣನ ಕುದರಿಗಿ ಹಟ್ಟಿ ಕಟ್ಟಿ, ರೆಕ್ಕಿ ಬರೂತನಕ ಸಾಕ್ಯಾನ. ನಮ್ಮ ಮನೆತನದ ಕಸಬು ಬಿಟ್ಟಿಲ್ಲ ನಮ್ಮ ಬೀರಪ್ಪ."

ಕಾಕಾ ಚಷ್ಮಾ ಏರಿಸಿ ಡಬ್ಬಿಯೊಳಗೆ ಇಣುಕಿದರು. ಔರಾದ ತಲೆ ತಿರುಗಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಕಾಕಾ ತಲೆಯೆತ್ತಿ, ಹಂಗಾದ್ರ ನಮ್ಮ ಅರ್ಜಿ ಬರಿಯೋರು ಯಾರ್ರಿ ಎಂದು ಕೇಳಿದರು. ನಾನೇ ಬರೀತೀನ್ರಿ, ಬೀಜಗಣಿತ ಮಾತ್ರ ಬರಂಗಿಲ್ಲ ಎಂದೆ. ಎಲ್ಲರೂ ನಕ್ಕರು. ಇನ್ನೊಂದು ಚಹಾ ಬಂತು. ನಾನು ತುದಿಯಿಂದ ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಬೆಂಚಿನ ತುಂಬ ಕೂತೆ. ಬೀದರದ ಬಸ್ಸು ಬಂದು ನಿಂತು ಹೋಯಿತು; ನಾನು ಏಳಲಿಲ್ಲ.